ಮೀನು ತಂದಮೇಲೆ ಹೇಳುವ ಮಾತು

"ಒಂದು ಮಾತು ಐತಿ. ಮೀನು ತಗೊಂಡು ಬಾ. ಆಮ್ಯಾಲೆ ಹೇಳ್ತೀನಿ."

ಕೆಂಚವ್ವ ತನ್ನ ಗಂಡ ಮೂಕಪ್ಪನಿಗೆ ಹೇಳಿದ ಕೊನೆಯ ಮಾತು ಇದು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವನು ಗಾಳದ ಕೋಲನ್ನು ಹೆಗಲಿಗೇರಿಸಿ ಹೊಳೆಗೆ ಹೊರಟಿದ್ದ. ಹೂಂ ಅಂದ. ಹೋದ.

ಕೊರಮೀನು ಸಿಕ್ಕಿತು. ತೋಳುದ್ದದ್ದು. ತಿರುಗಿ ಬಂದರೆ ಮನೆ ಮುಂದೆ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಯಾರೂ ಅವನ ಮುಖ ನೋಡಲಿಲ್ಲ. ಒಬ್ಬಳು ಬಂದು ಅವನ ಕೈಯಿಂದ ಬುಟ್ಟಿ ಇಸಿದುಕೊಂಡಳು.

ನೀರಿಗೆ ಹೋದ ಕೆಂಚವ್ವ ಕೊಡದ ಪಕ್ಕದಲ್ಲೇ ಕೂತಳಂತೆ. ಕೂತವಳು ಏಳಲಿಲ್ಲ.

ಮಣ್ಣು ಕೊಟ್ಟು ಬಂದಮೇಲೆ ನೋಡಿದ. ಬುಟ್ಟಿಯಲ್ಲಿ ಮೀನು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಕೊರಮೀನಿನ ಜಾತಿಯೇ ಹಾಗೆ. ನೀರಿನ ಮೇಲಕ್ಕೆ ಬಂದು ಗಾಳಿ ಕುಡಿದು ಹೋಗುತ್ತದೆ. ಮೈ ಒದ್ದೆ ಇದ್ದರೆ ಸಾಕು, ದಂಡೆಯ ಮೇಲೂ ಬಹಳ ಹೊತ್ತು ಜೀವ ಹಿಡಿದಿರುತ್ತದೆ.

ಮೂಕಪ್ಪ ಅದನ್ನು ಒಯ್ದು ಹೊಳೆಗೆ ಬಿಟ್ಟ. ಕೋಲನ್ನು ಸೂರಿಗೆ ಸಿಕ್ಕಿಸಿದ. ಮತ್ತೆ ಮುಟ್ಟಲಿಲ್ಲ.

ಗಾಳ ಬಿಟ್ಟ. ಮಾತು ಅವನನ್ನು ಬಿಡಲಿಲ್ಲ.

ಏನು ಹೇಳುವವಳಿದ್ದಳು?

ಪಕ್ಕದ ಮನೆ ತಿಪ್ಪವ್ವನನ್ನು ಕೇಳಿದ. ಅವಳು ಅವನಿಗಿಂತ ಹಿರಿಯಳು. ಕೆಂಚವ್ವ ಹೋದಂದಿನಿಂದ ಅವನಿಗೆ ರೊಟ್ಟಿ ಕೊಡುವವಳು ಅವಳೇ.

"ಏನಿರ್ತೈತೋ? ಉಪ್ಪು ಮುಗದಿತ್ತೇನೋ."

ಮೂಕಪ್ಪ ಮನೆಗೆ ಹೋಗಿ ಉಪ್ಪಿನ ಗಡಿಗೆ ನೋಡಿ ಬಂದ.

"ಉಪ್ಪು ಐತಿ."

"ಹಂಗಾದ್ರ ನನಗ ಗೊತ್ತಿಲ್ಲ. ರೊಟ್ಟಿ ತಿನ್ನು."

ಕೆಂಚವ್ವನ ತಮ್ಮನನ್ನು ಕೇಳಿದ. "ಹೊಳಿ ಬಿಡು, ಹೊಲದ ಕೆಲಸಕ್ಕ ಹೋಗು ಅನ್ನಾಕ ಇದ್ದಾಳು," ಅಂದ ಅವನು. ಅದು ಅವನ ಮನಸ್ಸಿನ ಮಾತು. ಅವಳದಲ್ಲ.

ಶಕುನ ಹೇಳುವವಳು ಓಣಿಗೆ ಬಂದಿದ್ದಳು. ಅವಳನ್ನೂ ಕೇಳಿದ. ಅವಳು ಕಣ್ಣು ಮುಚ್ಚಿ, "ಹಸಿರು ಸೀರಿ ಬೇಕಂತಾಳ," ಅಂದಳು. ಕೆಂಚವ್ವನ ಹಸಿರು ಸೀರೆ ಪೆಟ್ಟಿಗೆಯಲ್ಲೇ ಇತ್ತು. ಒಯ್ದು ಗೋರಿಯ ಮೇಲೆ ಹೊದಿಸಿ ಬಂದ. ಒಂದು ರಾತ್ರಿ ನಿದ್ದೆ ಬಂತು. ಮರುದಿನ ಮಾತು ಮತ್ತೆ ಬಂದು ಎದೆಯ ಮೇಲೆ ಕೂತಿತು.

"ಕೇಳೂ ಅಜ್ಜನ ಹತ್ರ ಹೋಗು," ಅಂದಳು ತಿಪ್ಪವ್ವ. "ಹೇಳಿದ್ರ ಆತ ಹೇಳಬೇಕು. ಇಲ್ಲಾಂದ್ರ ನಿನಗ ರೊಟ್ಟಿ ಬಡದು ಬಡದು ನನ್ನ ರಟ್ಟಿ ಬಿದ್ದು ಹೋಗತೈತಿ."

ಊರಿನಿಂದ ಸ್ವಲ್ಪ ಮೇಲೆ ಹೊಳೆ ತಿರುಗುತ್ತದೆ. ತಿರುಗುವಲ್ಲಿ ಒಂದು ಮಡು. ಮಡುವಿನ ದಂಡೆಗೆ ಒಂದು ಬಸರಿ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ, ಒಂದು ಗುಡಿಸಲು. ಅಜ್ಜ ಇದ್ದದ್ದು ಅಲ್ಲಿ.

ದೊಡ್ಡ ಜ್ಞಾನಿ ಅನ್ನುತ್ತಿದ್ದರು ಕೆಲವರು. ತಲೆ ಕೆಟ್ಟಿದೆ ಅನ್ನುತ್ತಿದ್ದರು ಕೆಲವರು. ಏನಾದರೂ ಕೇಳಲು ಹೋದವರನ್ನು ಅವನೇ ಕೂರಿಸಿಕೊಂಡು ಕೇಳುತ್ತಿದ್ದ. ಅದಕ್ಕೇ ಕೇಳೂ ಅಜ್ಜ ಅಂತ ಹೆಸರು ಬಿದ್ದಿತ್ತು.

ಶೀಗಿ ಹುಣ್ಣಿಮೆ ಕಳೆದಿತ್ತು. ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾಗಿತ್ತು. ಮಡುವಿನ ತುಂಬ ಅಂತರಗಂಗೆ, ನೀರ ಮೇಲೆ ತೇಲುವ ಸೊಪ್ಪು. ಅದರ ಮೇಲೆ, ಅದರ ಸಂದಿಯಲ್ಲಿ, ದಂಡೆಯ ಮರಗಳ ಹಣ್ಣೆಲೆ. ನೀರು ಎಲ್ಲಿ, ನೆಲ ಎಲ್ಲಿ ಗೊತ್ತಾಗುತ್ತಿರಲಿಲ್ಲ.

ಅಜ್ಜ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದ. ಮೂಕಪ್ಪ ಕಾಲಿಗೆ ಬಿದ್ದು ಕೆಳಗೆ ಕೂತ.

"ಅಜ್ಜಾರ, ನನ್ನ ಹೇಂತಿ ಒಂದು ಮಾತು ಹೇಳೂದು ಬಿಟ್ಟು ಹೋದ್ಲು. ಅದು ಏನಂತ ನನಗ ಬೇಕು."

"ಹೋಗುವಾಗ ಏನಂದ್ಲು?"

ಮೂಕಪ್ಪ ಹೇಳಿದ.

"ಮೀನು ತಂದಮ್ಯಾಲೆ ಹೇಳ್ತೀನಿ ಅಂದ್ಲು?"

"ಹೌದ್ರಿ."

"ಮೀನೆಲ್ಲಿ?"

"ಹೊಳೀಗೆ ಬಿಟ್ಟೆ."

"ಬರಿಗೈಲೆ ಬಂದು ಮಾತು ಕೇಳಾಕ ಹತ್ತೀಯಲ್ಲ."

ಮೂಕಪ್ಪ ತಲೆ ತಗ್ಗಿಸಿದ. "ಗಾಳ ಮುಟ್ಟೂದು ಬಿಟ್ಟೀನ್ರಿ."

"ಮಾತು ಬೇಕೋ ಬ್ಯಾಡೋ?"

"ಬೇಕ್ರಿ. ಅದಿಲ್ಲದ ನನಗ ಉಣ್ಣಾಕ ಆಗವಲ್ದು, ಮಲಗಾಕ ಆಗವಲ್ದು."

"ಹಂಗಾದ್ರ ಈ ಮಡುವಿನ ಕೊರಮೀನು ಒಂದು ಹಿಡಕೊಂಡು ಬಾ. ಆಮ್ಯಾಲೆ ನೋಡೂಣು."

"ನೀವು ಮೀನು ತಿಂತೀರೇನ್ರಿ?"

"ಇಲ್ಲ."

"ಮತ್ತ?"

"ಮುಳ್ಳು ಅಂದ್ರ ನನಗ ಅಂಜಿಕಿ. ನೋಡಾಕ ಏನಂಜಿಕಿ?"

ಮೂಕಪ್ಪ ಮನೆಗೆ ಹೋದ. ಸೂರಿನಿಂದ ಕೋಲು ತೆಗೆದ. ಅದು ಅವನ ಅಪ್ಪನ ಕೋಲು. ಜೇಡ ಬಲೆ ಕಟ್ಟಿತ್ತು. ಒರೆಸಿದ.

ಕೊರಮೀನಿಗೆ ಕಪ್ಪೆಯ ಗಾಳ. ಸಣ್ಣ ಕಪ್ಪೆಯನ್ನು ಗಾಳಕ್ಕೆ ಸಿಕ್ಕಿಸಿ ಅಂತರಗಂಗೆಯ ಮೇಲೆ ಎಸೆಯಬೇಕು. ಎಲೆಯಿಂದ ಎಲೆಗೆ ಜಿಗಿಯುವ ಹಾಗೆ ಮೆಲ್ಲಗೆ ಎಳೆದು ತರಬೇಕು. ಸೊಪ್ಪಿನ ಸಂದಿ ಬಂದಲ್ಲಿ ನೀರಿಗೆ ಇಳಿಸಬೇಕು. ಕೆಳಗಿನ ನೆರಳಲ್ಲಿ ಮೀನು ಕಾದಿರುತ್ತದೆ. ಹಾರಿ ಬಾಯಿ ಹಾಕುತ್ತದೆ.

ಆಗ ಎಳೆಯಬಾರದು.

ಅಪ್ಪ ಅವನಿಗೆ ಹೇಳಿಕೊಟ್ಟದ್ದು ಇಷ್ಟೇ. ಸದ್ದಿಗೆ ಎಳೆಯಬೇಡ. ಮೀನು ಕಪ್ಪೆಯನ್ನು ಕಚ್ಚಿಕೊಂಡು ಸೊಪ್ಪಿನ ಕೆಳಗೆ ಹೋಗುತ್ತದೆ. ದಾರ ಸಡಿಲ ಬಿಡು. ಅಲ್ಲಿ ಹೋಗಿ ನಿಲ್ಲುತ್ತದೆ. ನಿಂತಾಗಲೂ ಎಳೆಯಬೇಡ. ಆಗ ಅದು ನುಂಗುತ್ತಿರುತ್ತದೆ. ನಿಂತ ದಾರ ಎರಡನೇ ಸಲ ಹೊರಟಿತಲ್ಲ, ಆಗ ಎಳೆ.

ಮೂಕಪ್ಪನ ಕೈಗೆ ಇದು ಉಸಿರಿನಷ್ಟು ರೂಢಿ.

ಗಬಕ್ ಅಂತ ಸದ್ದಾಯಿತು. ಅವನು ಎಳೆದುಬಿಟ್ಟ.

ಬರಿಯ ಗಾಳ ಬಂದು ಬೆನ್ನ ಹಿಂದಿನ ಪೊದೆಗೆ ಸಿಕ್ಕಿತು.

ಮತ್ತೊಂದು ಕಪ್ಪೆ. ಮತ್ತೆ ಗಬಕ್. ಮತ್ತೆ ಎಳೆದ. ತನ್ನ ಕೈಯನ್ನೇ ನೋಡಿಕೊಂಡ. ಬೇರೆ ಯಾರದೋ ಕೈ ಇದ್ದ ಹಾಗಿತ್ತು.

ಸಂಜೆ ಕಟ್ಟೆಗೆ ಬಂದ.

"ಸಿಗಲಿಲ್ರಿ."

"ಬಾಯಿ ಹಾಕ್ತೇನು?"

"ಹಾಕ್ತು."

"ಸದ್ದು ಹೆಂಗ ಆತು?"

"ಗಬಕ್ ಅಂತ."

"ಗಬಕ್ಕೋ, ಡುಬುಕ್ಕೋ?"

ಮೂಕಪ್ಪ ಯೋಚಿಸಿದ. ಅವನನ್ನು ಯಾರೂ ಇದನ್ನು ಕೇಳಿರಲಿಲ್ಲ. "ಬಯಲು ನೀರಾಗ ಆದ್ರ ಡುಬುಕ್ಕು. ಸೊಪ್ಪಿನ ನಡುವ ಆದ್ರ ಗಬಕ್ಕು."

"ಹೌದೇನು!" ಅಂದ ಅಜ್ಜ. ಅವನ ಮುಖ ಅರಳಿತು. "ಇಷ್ಟು ವರ್ಷ ಇಲ್ಲೇ ಕುಂತೀನಿ. ಸದ್ದು ಎರಡು ಐತಿ ಅಂತ ಗೊತ್ತಿತ್ತು. ಯಾಕ ಎರಡು ಅಂತ ಗೊತ್ತಿರಲಿಲ್ಲ. ಮತ್ತ, ಯಾಕ ಎಳದಿ?"

"ಹೋಗಿಬಿಡತೈತಿ ಅನ್ನಿಸ್ತು."

"ಮೊದಲ ಅನ್ನಿಸ್ತಿರಲಿಲ್ಲ?"

"ಇಲ್ರಿ."

ಅಜ್ಜ ಒಂದು ಹಿಡಿ ಸೋಸಿದ ಸೊಪ್ಪು ಅವನ ಟವೆಲಿಗೆ ಹಾಕಿ ಕಳಿಸಿದ.

ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಸಂಜೆ ಬರಿಗೈಯಲ್ಲಿ ಬರುವುದು, ಅಜ್ಜ ಕೇಳುವುದು, ಇವನು ಹೇಳುವುದು. ಕಪ್ಪೆ ಯಾವ ಬಣ್ಣದ್ದು. ಮಧ್ಯಾಹ್ನ ಯಾಕೆ ಸಿಗುವುದಿಲ್ಲ. ಮೀನಿಗೆ ನಮ್ಮ ಮಾತು ಕೇಳುತ್ತದೋ, ಹೆಜ್ಜೆ ಕೇಳುತ್ತದೋ.

"ಹೆಜ್ಜಿ ಕೇಳತೈತ್ರಿ. ಮಾತು ಕೇಳೂದಿಲ್ಲ."

"ಅದಕ್ಕ ನೀ ಮಾತು ಕಡಿಮಿ ಆಡ್ತೀಯೇನು, ಹೆಜ್ಜಿ ಮೆತ್ತಗ ಇಡ್ತೀಯೇನು?"

"ಹುಟ್ಟಿದಾಗಿಂದ ನಾನು ಹಂಗೇ ರೀ. ಅದಕ್ಕ ಮೂಕಪ್ಪ ಅಂತ ಇಟ್ರು."

"ಹುಟ್ಟಿದ ಕೂಡಲೆ ಹೆಂಗ ಗೊತ್ತಾತು ನಿಮ್ಮವ್ವಗ?"

"ಕೇಳಿಲ್ರಿ," ಅಂದ ಮೂಕಪ್ಪ.

ಆದರೆ ಮೀನು ಸಿಗಲಿಲ್ಲ. ಮೀನು ಸಿಗದೆ ಮಾತು ಸಿಗುವಂತಿರಲಿಲ್ಲ. ಅವನಿಗೆ ಸಿಟ್ಟು ಬಂತು. ಸಿಟ್ಟು ಅಂತರಗಂಗೆಯ ಮೇಲೆ ಬಂತು. ಈ ಸೊಪ್ಪಿನಿಂದಲೇ ಎಲ್ಲ. ಕೆಳಗೆ ಏನಿದೆ ಕಾಣುವುದಿಲ್ಲ. ಕಾಣದ್ದಕ್ಕೇ ಕೈ ಹೆದರುತ್ತದೆ. ಕಂಡರೆ ಹೆದರುವುದಿಲ್ಲ.

ಅಂಬಿಗರವನ ಹರಿಗೋಲು ಕೇಳಿ ತಂದ. ಕುಡುಗೋಲು ಹಿಡಿದು ಮಡುವಿಗೆ ಇಳಿದ.

ಎಳೆದ. ಕೊಯ್ದ. ಹೊತ್ತು ತಂದು ದಂಡೆಗೆ ಹಾಕಿದ. ಬೇರಿನ ಕಪ್ಪು ನೀರು ಮೈಯೆಲ್ಲ ಸೋರಿತು. ದಂಡೆಯ ಮೇಲೆ ಹಸಿರು ಗುಡ್ಡೆಯಾಯಿತು.

ಅಜ್ಜ ಕಟ್ಟೆಯಿಂದ ಇಳಿದು ಬಂದು ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೊಪ್ಪಿನ ಬೇರಿನಿಂದ ಸಣ್ಣ ಮೀನು, ಸೀಗಡಿ, ಬಸವನಹುಳು ಉದುರುತ್ತಿದ್ದವು. ತೆಂಗಿನ ಚಿಪ್ಪಿನಲ್ಲಿ ಒಂದೊಂದನ್ನೇ ಆರಿಸಿಕೊಂಡು ನೀರಿಗೆ ಬಿಡುತ್ತಿದ್ದ.

"ಇದೇನು ಮೂಕಪ್ಪ?"

"ಸೀಗಡಿ."

"ಇದು?"

"ಗೊತ್ತಿಲ್ರಿ."

"ಇದರಾಗ ಇಷ್ಟು ಮಂದಿ ಇದ್ರೇನು!"

ಮೂಕಪ್ಪ ಬಾಗಿ ಎಳೆಯುತ್ತಲೇ ಇದ್ದ.

ಕೊನೆಗೆ ಮಡು ಬರಿದಾಯಿತು. ಒಂದು ಎಲೆಯೂ ಇರಲಿಲ್ಲ. ಕನ್ನಡಿಯ ಹಾಗೆ ಬಿದ್ದಿತ್ತು. ಮುಗಿಲೆಲ್ಲ ಅದರೊಳಗೆ. ತಳದ ಕಲ್ಲು ಸಹ ಕಾಣುತ್ತಿತ್ತು.

ಮೂಕಪ್ಪ ಗಾಳ ಹಾಕಿ ಕೂತ. ಬೆಳಿಗ್ಗೆಯಿಂದ ಸಂಜೆಯತನಕ ಕೂತ. ಕಪ್ಪೆ ಸುಮ್ಮನೆ ಈಜಾಡಿ ಸುಸ್ತಾಯಿತು. ಮರುದಿನವೂ ಕೂತ.

ಅಜ್ಜ ಬಂದು ಪಕ್ಕದಲ್ಲಿ ನಿಂತ.

"ಎಷ್ಟು ಚಂದ ಆಗೈತಿ. ಮೀನೆಲ್ಲಿ?"

"ಹೋದವು."

"ಯಾಕ?"

"ನೆಳ್ಳಿಲ್ಲ. ಮರಿ ಇಲ್ಲ, ಹುಳ ಇಲ್ಲ. ಇಲ್ಲಿ ಯಾಕ ಇರ್ತಾವ?"

"ಇದು ನಿನಗ ಮೊದಲ ಗೊತ್ತಿರಲಿಲ್ಲ?"

"ಗೊತ್ತಿತ್ರಿ."

"ಮತ್ತ ಯಾಕ ತಗದಿ?"

ಮೂಕಪ್ಪ ದಾರ ಎಳೆದು ಕೋಲಿಗೆ ಸುತ್ತಿದ.

"ಕೆಳಗ ಏನೈತಿ ಕಾಣಲಿ ಅಂತ."

"ಏನು ಕಾಣ್ತು?"

"ನೀರು."

ಅಜ್ಜ ಹೂಂ ಅಂದ. ಅವನೂ ನೀರು ನೋಡಿದ.

"ಇನ್ನ ಏನು ಮಾಡ್ಲಿ ಅಜ್ಜಾರ?"

"ಹೊಳಿ ಏನು ಮಾಡತೈತಿ?"

"ಮ್ಯಾಲಿಂದ ಸೊಪ್ಪು ತರತೈತಿ."

"ತರಲಿ. ಅಲ್ಲೀತನ ಬಂದು ಕುಂದ್ರು. ಕೊರಮೀನಿನ ಸುದ್ದಿ ಹೇಳು."

ಅವನು ಬಂದು ಕೂರತೊಡಗಿದ. ಕಟ್ಟೆಯ ಮೇಲೆ ಇಬ್ಬರು. ಮೇಲಿನಿಂದ ಅಂತರಗಂಗೆ ಒಂದೊಂದು ಬುಡ ತೇಲಿ ಬರುತ್ತಿತ್ತು. ಹಿಂಗಾರಿ ಗಾಳಿ ಎದ್ದಿತ್ತು. ಬಸರಿಯ ಎಲೆ, ಮತ್ತಿಯ ಎಲೆ ಉದುರಿ ನೀರಿನ ಮೇಲೆ ಕೂರುತ್ತಿದ್ದವು.

ಮೂಕಪ್ಪ ಹೇಳುತ್ತಿದ್ದ. ಅವನ ಜನ್ಮದಲ್ಲಿ ಅಷ್ಟು ಮಾತು ಆಡಿರಲಿಲ್ಲ.

"ಮಳಿಗಾಲದಾಗ ಮರಿ ಮಾಡ್ತಾವ್ರಿ. ಮರಿ ಕೆಂಪಗ ಇರ್ತಾವ. ಒಂದು ಹಿಡಿ ಕುಂಕುಮ ನೀರಾಗ ಚೆಲ್ಲಿದಂಗ, ಗುಂಪಿಗೆ ಗುಂಪು. ಕೆಳಗ ಅಪ್ಪ ಅವ್ವ ಎರಡೂ ಕಾಯ್ತಾವ."

"ಎರಡೂ?"

"ಎರಡೂ. ಒಂದನ್ನ ಯಾರರೆ ಹಿಡದ್ರ, ಇನ್ನೊಂದು ಒಂದೇ ಕಾಯತೈತಿ."

"ನೀ ಹಿಡದೀಯೇನು, ಮರಿ ಕಾಯೂ ಮೀನ?"

"ಇಲ್ರಿ. ಕೆಂಚವ್ವ ಹಿಡಿಗೊಡತಿರಲಿಲ್ಲ. ಕೆಂಪು ಕಂಡ್ರ ತಿರುಗಿ ಬಾ ಅಂತಿದ್ಲು. ಅಂಥಾ ಮೀನು ತಂದ್ರ ನಾ ಮುಟ್ಟೂದಿಲ್ಲ ಅಂತಿದ್ಲು."

"ನಿಮಗ ಮಕ್ಕಳು?"

"ಆಗಲಿಲ್ರಿ."

ಅಜ್ಜ ಕೇಳಿದ. "ಮರಿ ದೊಡ್ಡವಾಗಿ ಚದರಿ ಹೋದಮ್ಯಾಲೆ, ಆ ಒಂದು ಮೀನು ಏನು ಮಾಡತೈತಿ?"

"ಗೊತ್ತಿಲ್ರಿ. ನೋಡಿಲ್ಲ."

"ನೋಡಬೇಕಿತ್ತಲ್ಲೋ."

ಒಂದು ಮುಂಜಾನೆ ಮೂಕಪ್ಪ ಬರುವ ಹೊತ್ತಿಗೆ ಮಡುವಿನ ಅರ್ಧ ಮತ್ತೆ ಹಸಿರಾಗಿತ್ತು. ಸೊಪ್ಪಿನ ಸಂದಿಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ಮತ್ತೊಂದು ಕಡೆ ಮತ್ತೊಂದು. ಮೀನು ಗಾಳಿ ಕುಡಿಯಲು ಬರುತ್ತಿದ್ದವು.

"ಬಂದಾವ್ರಿ," ಅಂದ.

ಕಪ್ಪೆ ಕಟ್ಟಿದ. ಕೋಲು ಎತ್ತಿದ. ಕೈ ಆಗಲೇ ಬಿಗಿಯಾಗಿತ್ತು. ಅಜ್ಜ ನೋಡಿದ.

"ಕೊಡು ಇಲ್ಲಿ. ನಾನೂ ಒಂದು ಸಲ ನೋಡ್ತೀನಿ."

"ನೀವೇನ್ರೀ?"

"ಯಾಕ, ನನ್ನ ಕೈಯಾಗ ಕೊಟ್ರ ಮೀನು ನಗತೈತೇನು?"

ಮೂಕಪ್ಪ ಕೊಟ್ಟ. ಎಸೆಯುವುದನ್ನು ತೋರಿಸಿದ. ಅಜ್ಜ ಎಸೆದ. ಕಪ್ಪೆ ಸೊಪ್ಪಿನ ಮೇಲೆ ಬಿತ್ತು. ಒಂದು ಎಲೆ ದಾಟಿತು. ಇನ್ನೊಂದು ಎಲೆ ದಾಟಿತು. ಸಂದಿಗೆ ಇಳಿಯಿತು.

ಗಬಕ್.

ಅಜ್ಜ ಕೈ ಬಿಟ್ಟ.

ದಾರವನ್ನಲ್ಲ. ಕೋಲನ್ನೇ ಬಿಟ್ಟ. ಕೋಲು ದಂಡೆಯ ಮೇಲೆ ಸರಸರ ಜಾರಿ ನೀರಿಗೆ ಇಳಿದು ಸೊಪ್ಪನ್ನು ಸೀಳಿಕೊಂಡು ಹೊರಟಿತು.

"ಅಯ್ಯಯ್ಯೋ! ಅಜ್ಜಾರ! ಕೋಲು!"

"ಹೂಂ, ಹೊಂಟೈತಿ."

"ನಮ್ಮಪ್ಪನ ಕೋಲ್ರೀ ಅದು! ತಲಿ ಕೆಟ್ಟೈತೇನ್ರಿ ನಿಮಗ? ಹಿಡಕೋಳಾಕ ಬರದಿದ್ರ ಯಾಕ ಇಸಗೊಂಡ್ರಿ?"

ಆ ಧ್ವನಿಗೆ ಆಚೆ ದಂಡೆಯ ಕೊಕ್ಕರೆ ಎದ್ದು ಹಾರಿತು. ಕೆಂಚವ್ವ ಹೋದಂದಿನಿಂದ ಅವನು ಯಾರ ಮೇಲೂ ಧ್ವನಿ ಎತ್ತಿರಲಿಲ್ಲ. ತನ್ನ ಧ್ವನಿಗೆ ತಾನೇ ಬೆಚ್ಚಿ ನಿಂತ.

ಅಜ್ಜ ಆಗಲೇ ಹರಿಗೋಲಿನೊಳಗೆ ಕಾಲಿಟ್ಟಿದ್ದ.

"ಎಲ್ಲಿಗೆ ಹೋಗತೈತಿ ನೋಡೂಣು, ಬಾ."

ಮೂಕಪ್ಪ ಹಾರಿ ಕೂತ. ಹುಟ್ಟು ಅಜ್ಜನ ಕೈಯಲ್ಲಿತ್ತು. ಅಜ್ಜ ಹುಟ್ಟು ಹಾಕಿದ. ಹರಿಗೋಲು ನಿಂತಲ್ಲೇ ಗರಗರ ತಿರುಗಿತು.

"ಹಂಗಲ್ರೀ!"

"ಮತ್ತ ಹೆಂಗ?"

"ಮುಂದಿಂದ ಎಳೀರಿ, ಮುಂದಿಂದ!"

ಅಜ್ಜ ಮುಂದಿನಿಂದ ಎಳೆದ. ಈಗ ಆ ಕಡೆಯಿಂದ ತಿರುಗಿತು. ಅಜ್ಜನ ರುಮಾಲು ಬಿಚ್ಚಿ ನೀರಿಗೆ ಬಿತ್ತು. "ಬುಗುರಿಯಾಗಿಂದ ಊರು ಹಿಂಗ ಕಾಣತೈತಿ ನೋಡು," ಅಂದ ಅಜ್ಜ.

ಮೂಕಪ್ಪನಿಗೆ ನಗು ಬಂತು. ತಡೆಯಲು ನೋಡಿದ. ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಬಂದ ನೀರು ಅಲ್ಲಿಗೇ ನಿಲ್ಲಲಿಲ್ಲ. ಅಜ್ಜ ಅವನ ಮುಖ ನೋಡದೆ ಹುಟ್ಟನ್ನು ಅವನ ಕೈಗೆ ಕೊಟ್ಟ.

ಮುಖ ಒರೆಸಿಕೊಂಡು ಮೂಕಪ್ಪ ಹುಟ್ಟು ಹಾಕಿದ. ಹರಿಗೋಲು ನೆಟ್ಟಗೆ ಹೊರಟಿತು.

ಮಡುವಿನ ಆ ತುದಿಯಲ್ಲಿ, ಸೊಪ್ಪು ದಟ್ಟವಾದಲ್ಲಿ, ಕೋಲು ನಿಂತಿತ್ತು. ಹಣ್ಣೆಲೆಗಳ ನಡುವೆ ಬುಡ ಮಾತ್ರ ಕಾಣುತ್ತಿತ್ತು. ಮೂಕಪ್ಪ ಬಗ್ಗಿ ಮೆಲ್ಲಗೆ ಹಿಡಿದ.

ದಾರ ಸಡಿಲವಿತ್ತು.

ಮೀನು ಇದೆಯೋ, ಬಿಟ್ಟು ಹೋಗಿದೆಯೋ. ಹೇಳಲು ಬರುತ್ತಿರಲಿಲ್ಲ. ಎಳೆದು ನೋಡಿದರೆ ಗೊತ್ತಾಗುತ್ತದೆ. ಎಳೆದರೆ ಇದ್ದದ್ದೂ ಹೋಗುತ್ತದೆ.

ಅವನು ಕೂತ.

ಮರದಿಂದ ಒಂದು ಎಲೆ ಬಂದು ದಾರದ ಮೇಲೆ ಬಿತ್ತು.

"ಐತೇನು?" ಅಜ್ಜ ಪಿಸುಗುಟ್ಟಿದ.

"ಸುಮ್ನಿರ್ರಿ."

ನೀರು ಹರಿಗೋಲಿನ ಅಡಿಯನ್ನು ನೆಕ್ಕುತ್ತಿತ್ತು. ಬಿಸಿಲು ಬೆನ್ನಿನ ಮೇಲೆ ಸರಿಯಿತು. ಮೂಕಪ್ಪ ದಾರ ನೋಡುತ್ತಿದ್ದ. ಇದ್ದರೆ ಇದೆ. ಇಲ್ಲದಿದ್ದರೆ ಇಲ್ಲ. ಕೈ ಯಾವಾಗ ಸಡಿಲವಾಯಿತೋ ಅವನಿಗೆ ತಿಳಿಯಲಿಲ್ಲ.

ದಾರದ ಮೇಲಿನ ಎಲೆ ಅಲುಗಿತು. ಜಾರಿತು. ದಾರ ಹೊರಟಿತು.

ಆಗ ಎಳೆದ.

ಸೊಪ್ಪನ್ನು ಹೊತ್ತುಕೊಂಡೇ ಮೀನು ಮೇಲಕ್ಕೆ ಬಂತು. ತೋಳಿಗಿಂತ ದಪ್ಪ. ತಲೆಯ ಮೇಲೆ ಅಂತರಗಂಗೆಯ ಒಂದು ಬುಡ, ಕಿರೀಟ ಇಟ್ಟ ಹಾಗೆ.

ಕಟ್ಟೆಯ ಮುಂದೆ ಮೀನು ಇಟ್ಟು ಮೂಕಪ್ಪ ಕೈಕಟ್ಟಿ ನಿಂತ.

"ತಂದೀನಿ. ಹೇಳ್ರಿ."

ಅಜ್ಜ ಮೀನಿನ ಸುತ್ತ ಒಂದು ಸುತ್ತು ಬಂದ. ಹೊಟ್ಟೆ ನೋಡಿದ. ರೆಕ್ಕೆ ನೋಡಿದ.

"ಅಜ್ಜಾರ. ಹೇಳ್ರಿ."

"ಹೇಳೂಕಿಂತ ಮೊದಲ ಒಂದು ಕೇಳ್ತೀನಿ. ಬ್ಯಾರೆ ದಿನ ನೀ ಹೊಳೀಗೆ ಹೊಂಟಾಗ ಅಕಿ ಏನಂತಿದ್ಲು?"

"ಹಂಗೇ ಅಂತಿದ್ಲು."

"ಹಂಗೇ ಅಂದ್ರ?"

"ಒಂದು ಮಾತು ಐತಿ, ಬಂದಮ್ಯಾಲೆ ಹೇಳ್ತೀನಿ ಅಂತ."

"ದಿನಾ?"

"ದಿನಾ ರೀ. ಮದುವಿ ಆದಾಗಿಂದ. ಅವರವ್ವನೂ ಅವರಪ್ಪಗ ಹಂಗ ಅಂತಿದ್ಲಂತ. ಹೊಳೀಗೆ ಹೋಗವ್ರ ಮುಂದ ಮಾತು ಮುಗಸಬಾರದು, ಒಂದು ಉಳಿಸಿಕೊಂಡು ಕಳಸಬೇಕು ಅಂತ ಅವರ ಮನಿ ಪದ್ಧತಿ."

"ಬಂದಮ್ಯಾಲೆ ಏನು ಹೇಳ್ತಿದ್ಲು?"

"ಏನರೆ. ಬೆಕ್ಕು ಮರಿ ಹಾಕೇತಿ. ತಿಪ್ಪವ್ವನ ಆಡು ನಮ್ಮ ಸೊಪ್ಪು ತಿಂದು ಹೋತು. ಒಂದೊಂದು ದಿನ, ಏನೋ ಇತ್ತು, ಮರತೆ ಅಂತ ನಗ್ತಿದ್ಲು..."

ಮೂಕಪ್ಪನ ಮಾತು ಅಲ್ಲೇ ನಿಂತಿತು.

ಬಸರಿ ಮರದಲ್ಲಿ ಒಂದು ಹಕ್ಕಿ ಹಣ್ಣು ಕುಕ್ಕುತ್ತಿತ್ತು.

"ಅಂದ್ರ," ಮೂಕಪ್ಪ ನಿಧಾನ ಅಂದ, "ಅವತ್ತು ಮಾತೇ ಇರಲಿಲ್ಲೇನ್ರಿ?"

"ನನಗೇನು ಗೊತ್ತು? ಇದ್ರೂ ಇತ್ತು."

"ಅವತ್ತು ಬಾಗಿಲ ಹಿಡಕೊಂಡು ನಿಂತಿದ್ಲು. ದಿನಾ ಹಂಗ ನಿಂದ್ರತಿರಲಿಲ್ಲ."

"ಹಂಗಾದ್ರ ಇದ್ದಿರಬೇಕು."

"ಏನದು?"

"ಮೂಕಪ್ಪ, ಅದು ಸೊಪ್ಪಿನ ಕೆಳಗ ಹೋಗೇತಿ."

ಮೂಕಪ್ಪ ಕೂತ. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು.

"ಮೀನು ತಂದ್ರ ಹೇಳ್ತೀನಿ ಅಂದಿದ್ರಿ ನೀವು."

"ನೋಡೂಣು ಅಂದಿದ್ದೆ."

"ನಿಮ್ಮ ಹತ್ರಾನೂ ಮಾತು ಇರಲಿಲ್ಲ."

"ಇರಲಿಲ್ಲ."

"ಮತ್ತ ಇಷ್ಟು ದಿನ ನನ್ನ ಯಾಕ ಬರಾಕ ಹಚ್ಚಿದ್ರಿ?"

"ನೀ ಬಂದಿಯಲ್ಲ," ಅಂದ ಅಜ್ಜ.

ಮೂಕಪ್ಪ ಎದ್ದ. ಮೀನು ಬುಟ್ಟಿಗೆ ಹಾಕಿದ. ಕೋಲು ಹೆಗಲಿಗೇರಿಸಿದ. ಕಾಲಿಗೆ ಬೀಳಲಿಲ್ಲ. ಬರ್ತೀನಿ ಅನ್ನಲಿಲ್ಲ. ಹೋದ.

ದಾರಿಯಲ್ಲಿ ಎರಡು ಸಲ ನಿಂತ. ಒಮ್ಮೆ ಹೊಳೆಯ ಕಡೆ ತಿರುಗಿದ, ಮೀನು ಬಿಡಲೇನೋ ಅನ್ನುವ ಹಾಗೆ. ಆಮೇಲೆ ಊರ ಕಡೆ ನಡೆದ.

ಮನೆಯ ಒಲೆಯ ಬೂದಿ ತೆಗೆದ. ಒಲೆ ಹಚ್ಚಿದ. ಕೆಂಚವ್ವನ ಖಾರದ ಡಬ್ಬಿ ಹುಡುಕಿದ. ಮೂಸಿದ. ಅಂದಾಜಿನಲ್ಲಿ ಹಾಕಿದ. ಉಪ್ಪು ಹಾಕಿದ. ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದ. ಹುಣಸೆಹುಳಿ ಮೊದಲೇ ಸುರಿದ.

ಒಂದು ಬೋಗುಣಿ ತುಂಬಿಸಿ ಪಕ್ಕದ ಮನೆಗೆ ಒಯ್ದ.

ತಿಪ್ಪವ್ವ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

"ಯವ್ವಾ! ಉಪ್ಪು ಹಾಕೀಯೋ, ಉಪ್ಪಿನಾಗ ಮೀನು ಹಾಕೀಯೋ?"

ಅಂದಳು. ಮತ್ತೊಂದು ತುತ್ತು ಅದ್ದಿದಳು.

"ಹುಳಿ ಮೊದಲ ಹಾಕಿದ್ರ ಮೀನು ಬಿರುಸಾಗತೈತೋ. ಕೆಂಚಿ ಕಡೀಕ ಹಾಕ್ತಿದ್ಲು. ಒಲಿ ಆರಿಸಿ, ಆಮ್ಯಾಲೆ."

"ಹೌದೇನು?"

"ನಿನಗ ಗೊತ್ತಿಲ್ಲ?"

"ಇಲ್ಲ. ಮತ್ತ ಏನೇನು ಮಾಡ್ತಿದ್ಲು?"

ತಿಪ್ಪವ್ವ ಅವನ ಮುಖ ನೋಡಿದಳು. ಮಣೆ ಸರಿಸಿ ಕೂರಲು ಹೇಳಿದಳು. ಅವನು ಕೂತ. ಬೋಗುಣಿ ಖಾಲಿಯಾಗುವತನಕ ಅವಳು ಹೇಳುತ್ತಲೇ ಇದ್ದಳು. ಅವನು ಕೇಳುತ್ತಲೇ ಇದ್ದ.

ಮರುದಿನ ಬೆಳಕು ಹರಿಯುವಾಗ ಮೂಕಪ್ಪ ಕೋಲು ತಗೊಂಡು ಮಡುವಿಗೆ ಬಂದ. ನೀರಿನ ಮೇಲೆ ಮಂಜು ಇತ್ತು. ಅಜ್ಜ ಕಟ್ಟೆಯ ಮೇಲೆ ಎಲೆ ಗುಡಿಸುತ್ತಿದ್ದ. ಮೂಕಪ್ಪ ಕಾಲಿಗೆ ಬಿದ್ದ.

"ಮೀನಿಗೆ ಹೋಗಿ ಬರ್ತೀನ್ರಿ ಅಜ್ಜಾರ."

"ನಿಲ್ಲು. ಕೊರಮೀನು ಗಾಳಿ ಕುಡದು ತಿರುಗಿ ಒಳಗ ಹೋಗುವಾಗ ಎಡಕ್ಕ ಹೊಳ್ಳತೈತೋ, ಬಲಕ್ಕೋ?"

ಮೂಕಪ್ಪ ಬಾಯಿ ತೆರೆದ. ಜೀವಮಾನವೆಲ್ಲ ಕೊರಮೀನು ಹಿಡಿದವನು.

"ಗೊತ್ತಿಲ್ರಿ. ಎಂದೂ ನೋಡಿಲ್ಲ."

ಅಜ್ಜ ಕಸಬರಿಗೆ ಕೆಳಗಿಟ್ಟ.

"ನೋಡ್ಕೊಂಡು ಬಾ. ನಾ ಇದ್ರ ನನಗ ಹೇಳು. ಇಲ್ಲಾಂದ್ರ ಇಲ್ಲಿ ಯಾರು ಇರ್ತಾರೋ ಅವ್ರಿಗೆ ಹೇಳು."